ಕಂಸಾಳೆಯ ತಾಳಕ್ಕೆ ಕುಣಿಯುವ ಬೆಳಕು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಶಾಲೆಗಳಲ್ಲಿ ಬಹಳ ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಈಗಲೂ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ಯಾರಾದರೂ ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುವುದುಂಟು. ಈಚೆಗೆ ಹೆಚ್ಚಾಗಿ ಕಿವಿಗೆ ಬೀಳುವುದು ಎರಡು ಮಾತು. ಮೊದಲನೆಯದು ಅಜ್ಜಿಯರದು: ‘ಮೇಷ್ಟ್ರೇ, ಕಣ್ಗೆ ಲೇಸರ್ ಬುಡ್ಬೇಕು ಅಂತಾವ್ರೆ ಡಾಕ್ಟ್ರು. ಕಣ್ಣು ಸುಟ್ಟೋಗಕಿಲ್ವಾ?’ ಎರಡನೆಯದು ಅವರ ಮೊಮ್ಮಕ್ಕಳದು: ‘ಸಾರ್, ಜಾತ್ರೇಲಿ ತಗೊಂಡ ಲೇಸರ್ ಇದು. ಬೆಟ್ಟದ ತಂಕ ಹೋಯ್ತದೆ!’

ಅಜ್ಜಿಗೆ ಭಯ, ಮೊಮ್ಮಗನಿಗೆ ಆಟ. ನಿಜ ಹೇಳಬೇಕೆಂದರೆ ಇದು ಅದಲುಬದಲಾಗಬೇಕಿತ್ತು. ಡಾಕ್ಟರ ಕೈಯಲ್ಲಿರುವ ಲೇಸರಿಗೆ ಅಜ್ಜಿ ಅಷ್ಟು ಹೆದರಬೇಕಾಗಿಲ್ಲ; ಜೇಬಿನಲ್ಲಿರುವ ಲೇಸರಿಗೆ ಮೊಮ್ಮಗ ಸ್ವಲ್ಪವಾದರೂ ಹೆದರಬೇಕು. ಯಾಕೆ ಅನ್ನುವುದು ತಿಳಿಯಬೇಕಾದರೆ ಈ ಬೆಳಕು ಹುಟ್ಟುವ ಬಗೆಯನ್ನೇ ಮೊದಲು ನೋಡಬೇಕು.

ಜಾತ್ರೆಯ ಜನ, ಕಂಸಾಳೆಯ ಮೇಳ

ಮಹದೇಶ್ವರ ಬೆಟ್ಟದ ಜಾತ್ರೆಗೆ ಹೋದವರು ಅಲ್ಲಿನ ಜನಸಾಗರ ನೋಡಿರುತ್ತೀರಿ. ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಒಬ್ಬರದು ದಾಪುಗಾಲು, ಇನ್ನೊಬ್ಬರದು ಪುಟ್ಟ ಹೆಜ್ಜೆ. ಬಣ್ಣಬಣ್ಣದ ಬಟ್ಟೆ, ಯಾರ ಹೆಜ್ಜೆಗೂ ಯಾರ ಹೆಜ್ಜೆಯೂ ಹೊಂದುವುದಿಲ್ಲ. ನಮ್ಮ ಮನೆಯ ಬಲ್ಬಿನ ಬೆಳಕು ಹೀಗೆಯೇ. ಅದರಲ್ಲಿ ಹಲವು ಬಣ್ಣಗಳು ಕಲೆತಿರುತ್ತವೆ, ಅದು ಎಲ್ಲ ದಿಕ್ಕಿಗೂ ಹರಡುತ್ತದೆ, ಅದರ ಅಲೆಗಳು ಒಂದರ ಜೊತೆ ಒಂದು ಹೆಜ್ಜೆ ಹಾಕುವುದಿಲ್ಲ.

ಅದೇ ಜಾತ್ರೆಯಲ್ಲಿ ಬೀಸು ಕಂಸಾಳೆಯ ಮೇಳವನ್ನೂ ನೋಡಿ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಹತ್ತು ಜನರಿದ್ದರೂ ಏಟು ಒಂದೇ, ಹೆಜ್ಜೆ ಒಂದೇ, ತಿರುಗುವ ದಿಕ್ಕೂ ಒಂದೇ. ಒಬ್ಬ ತಪ್ಪಿದರೂ ಪಕ್ಕದವನ ತಲೆಗೆ ತಾಳ ಬಡಿದೀತು! ಲೇಸರ್ ಬೆಳಕು ಈ ಮೇಳದ ಹಾಗೆ. ಬಣ್ಣ ಒಂದೇ, ದಿಕ್ಕು ಒಂದೇ, ಅಲೆಗಳ ಏರಿಳಿತವೂ ಒಂದೇ ತಾಳದಲ್ಲಿ.

ಅಂದರೆ ಲೇಸರ್ ಬೇರೆ ಯಾವುದೋ ಲೋಕದ ಕಿರಣವಲ್ಲ. ದೀಪದ ಬೆಳಕಿನ ಜಾತಿಗೇ ಸೇರಿದ್ದು. ವ್ಯತ್ಯಾಸ ಇರುವುದು ಶಿಸ್ತಿನಲ್ಲಿ.

ಮೆಟ್ಟಿಲು ಹತ್ತಿ ಇಳಿಯುವ ಎಲೆಕ್ಟ್ರಾನ್

ಈ ಶಿಸ್ತು ಎಲ್ಲಿಂದ ಬರುತ್ತದೆ? ಪರಮಾಣುವಿನ ಒಳಗಿಂದ.

ಬಿಳಿಗಿರಿರಂಗನ ಬೆಟ್ಟದಲ್ಲಿ ದೇವಸ್ಥಾನಕ್ಕೆ ಮೆಟ್ಟಿಲು ಹತ್ತುತ್ತೀರಲ್ಲ, ಒಂದು ಮೆಟ್ಟಿಲ ಮೇಲೆ ನಿಲ್ಲಬಹುದು, ಮುಂದಿನದರ ಮೇಲೆ ನಿಲ್ಲಬಹುದು. ಎರಡರ ನಡುವೆ ಗಾಳಿಯಲ್ಲಿ ನಿಲ್ಲಲಾಗದು. ಪರಮಾಣುವಿನಲ್ಲಿರುವ ಎಲೆಕ್ಟ್ರಾನಿಗೂ ಇಂಥ ಶಕ್ತಿಯ ಮೆಟ್ಟಿಲುಗಳಿವೆ. ಹೊರಗಿನಿಂದ ಶಕ್ತಿ ಸಿಕ್ಕಿದರೆ ಅದು ಮೇಲಿನ ಮೆಟ್ಟಿಲಿಗೆ ನೆಗೆಯುತ್ತದೆ. ಮತ್ತೆ ಕೆಳಗಿಳಿಯುವಾಗ ಆ ಶಕ್ತಿಯನ್ನು ಬೆಳಕಿನ ಒಂದು ಕಣವಾಗಿ ಬಿಟ್ಟುಕೊಡಬಲ್ಲದು. ಆ ಕಣಕ್ಕೆ ಫೋಟಾನ್ ಎಂದು ಹೆಸರು. ಎರಡು ಮೆಟ್ಟಿಲುಗಳ ನಡುವಿನ ಎತ್ತರ ಎಷ್ಟು ಅನ್ನುವುದರ ಮೇಲೆ ಬೆಳಕಿನ ಬಣ್ಣ ನಿಂತಿದೆ. ಕಡಿಮೆ ಎತ್ತರವಾದರೆ ಕೆಂಪು, ಹೆಚ್ಚಾದರೆ ನೀಲಿ.

ಸಾಧಾರಣವಾಗಿ ಎಲೆಕ್ಟ್ರಾನುಗಳು ತಮಗೆ ತೋಚಿದಾಗ, ತೋಚಿದ ಕಡೆಗೆ ಫೋಟಾನ್ ಬಿಟ್ಟು ಇಳಿಯುತ್ತವೆ. ಅದು ಜಾತ್ರೆ. 1917ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಕಾಗದದ ಮೇಲೆ ಲೆಕ್ಕ ಹಾಕಿ ಇನ್ನೊಂದು ದಾರಿಯೂ ಇದೆ ಎಂದು ತೋರಿಸಿದರು. ಮೇಲಿನ ಮೆಟ್ಟಿಲಲ್ಲಿ ಎಲೆಕ್ಟ್ರಾನ್ ಕಾದು ಕುಳಿತಿದೆ ಎನ್ನಿ. ಆಗ ಅದೇ ಬಣ್ಣದ ಫೋಟಾನ್ ಒಂದು ಪಕ್ಕದಲ್ಲಿ ಹಾದುಹೋದರೆ, ‘ಬಾ’ ಎಂದು ಕರೆದಂತೆ ಆ ಎಲೆಕ್ಟ್ರಾನ್ ಕೆಳಗಿಳಿದು ತಾನೂ ಒಂದು ಫೋಟಾನ್ ಬಿಡುತ್ತದೆ. ಹೊಸದು ಹಳೆಯದರ ಪಡಿಯಚ್ಚು: ಅದೇ ಬಣ್ಣ, ಅದೇ ದಿಕ್ಕು, ಅದೇ ತಾಳ. ಕಂಸಾಳೆಯ ಗುರು ಒಂದು ಏಟು ಹಾಕಿದ ಕೂಡಲೇ ಶಿಷ್ಯನೂ ಅದೇ ಏಟು ಹಾಕಿದ ಹಾಗೆ. ಇದಕ್ಕೆ ಪ್ರಚೋದಿತ ಉತ್ಸರ್ಜನೆ ಎನ್ನುತ್ತಾರೆ. ಒಂದು ಎರಡಾಯಿತು, ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು.

ಬೆಳಕಿನ ಕಣಗಳಿಗೆ ಹೀಗೆ ಗುಂಪುಗೂಡುವ ಗುಣವಿದೆ ಎಂಬುದನ್ನು ಅರಿಯುವ ಲೆಕ್ಕದ ದಾರಿಯನ್ನು 1924ರಲ್ಲಿ ತೋರಿಸಿದವರು ನಮ್ಮ ದೇಶದ ಸತ್ಯೇಂದ್ರನಾಥ ಬೋಸ್. ಅವರು ಕಳಿಸಿದ ಲೇಖನವನ್ನು ಐನ್‌ಸ್ಟೈನರೇ ಜರ್ಮನ್ ಭಾಷೆಗೆ ಅನುವಾದಿಸಿ ಅಚ್ಚು ಹಾಕಿಸಿದರು.

ಮೋಟಾರ್ ಹಾಕಿ ನೀರೇರಿಸುವ ಕೆಲಸ

ಇಷ್ಟು ಸುಲಭವಾಗಿದ್ದರೆ ಬಲ್ಬುಗಳೆಲ್ಲ ಲೇಸರ್ ಆಗಬೇಕಿತ್ತಲ್ಲ? ತೊಡಕು ಇಲ್ಲಿದೆ. ಸಾಮಾನ್ಯವಾಗಿ ಬಹುಪಾಲು ಎಲೆಕ್ಟ್ರಾನುಗಳು ಕೆಳಗಿನ ಮೆಟ್ಟಿಲಲ್ಲೇ ಇರುತ್ತವೆ. ಹಾದುಹೋಗುವ ಫೋಟಾನನ್ನು ಅವು ನುಂಗಿ ಮೇಲೆ ಹೋಗುತ್ತವೆಯೇ ಹೊರತು ಹೊಸದನ್ನು ಕೊಡುವುದಿಲ್ಲ. ಆದ್ದರಿಂದ ಮೊದಲು ಕೆಳಗಿರುವವುಗಳಿಗಿಂತ ಮೇಲಿರುವವು ಹೆಚ್ಚಾಗುವಂತೆ ಮಾಡಬೇಕು. ಓವರ್‌ಹೆಡ್ ಟ್ಯಾಂಕಿಗೆ ಮೋಟಾರ್ ಹಾಕಿ ನೀರೇರಿಸುತ್ತೇವಲ್ಲ, ಹಾಗೆ. ವಿಜ್ಞಾನಿಗಳೂ ಇದನ್ನು ‘ಪಂಪ್ ಮಾಡುವುದು’ ಎಂದೇ ಕರೆಯುತ್ತಾರೆ.

ಏರಿದ ಎಲೆಕ್ಟ್ರಾನುಗಳು ತಕ್ಷಣ ಇಳಿದುಬಿಟ್ಟರೂ ಕೆಲಸ ಕೆಟ್ಟಿತು. ಮೆಟ್ಟಿಲ ನಡುವೆ ದಣಿವಾರಿಸಿಕೊಳ್ಳಲು ಒಂದು ಮಂಟಪ ಬೇಕು. ಅಂಥ ಮಂಟಪವಿರುವ ವಸ್ತುಗಳನ್ನೇ ಹುಡುಕಿ ಆರಿಸುತ್ತಾರೆ. ಕೆಂಪು ಮಾಣಿಕ್ಯದಲ್ಲಿ ಅದಕ್ಕೆ ಬಣ್ಣ ಕೊಡುವ ಕ್ರೋಮಿಯಂ ಇದೆ. ಅದರ ಎಲೆಕ್ಟ್ರಾನುಗಳು ಮಂಟಪದಲ್ಲಿ ಸುಮಾರು ಸೆಕೆಂಡಿನ ಸಾವಿರದ ಮೂರು ಭಾಗದಷ್ಟು ಹೊತ್ತು ಕುಳಿತಿರುತ್ತವೆ. ನಮಗೆ ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ, ಆದರೆ ಪರಮಾಣುವಿನ ಲೋಕದಲ್ಲಿ ಬಹಳ ದೀರ್ಘ ವಿರಾಮ.

ಕೊನೆಯದಾಗಿ ಎರಡು ಕನ್ನಡಿ. ಪಂಪ್ ಮಾಡಿದ ವಸ್ತುವಿನ ಎರಡು ತುದಿಗೂ ಒಂದಕ್ಕೊಂದು ಎದುರಾಗಿ ಕನ್ನಡಿ ಇಡುತ್ತಾರೆ. ಅಡ್ಡಾದಿಡ್ಡಿ ಹೊರಟ ಫೋಟಾನುಗಳು ಪಕ್ಕದಿಂದ ಸೋರಿ ಹೋಗುತ್ತವೆ. ನೇರವಾಗಿ ಹೊರಟವು ಮಾತ್ರ ಆ ಕನ್ನಡಿಯಿಂದ ಈ ಕನ್ನಡಿಗೆ, ಈ ಕನ್ನಡಿಯಿಂದ ಆ ಕನ್ನಡಿಗೆ ಓಡಾಡುತ್ತ, ಪ್ರತಿ ಸುತ್ತಿನಲ್ಲೂ ತಮ್ಮಂಥವನ್ನೇ ಹೆಚ್ಚಿಸಿಕೊಳ್ಳುತ್ತವೆ. ಒಂದು ಕನ್ನಡಿ ಬಿದ್ದ ಬೆಳಕಲ್ಲಿ ಸ್ವಲ್ಪವನ್ನು ಹೊರಗೆ ಬಿಡುವಂಥದ್ದು. ಅಲ್ಲಿಂದ ಹೊರಬರುವ ನೇರ ಕಿರಣವೇ ಲೇಸರ್. ‘ಲೈಟ್ ಆಂಪ್ಲಿಫಿಕೇಷನ್ ಬೈ ಸ್ಟಿಮ್ಯುಲೇಟೆಡ್ ಎಮಿಷನ್ ಆಫ್ ರೇಡಿಯೇಷನ್’ ಎಂಬ ಉದ್ದದ ಇಂಗ್ಲಿಷ್ ಮಾತಿನ ಮುಖ್ಯ ಪದಗಳ ಮೊದಲ ಅಕ್ಷರಗಳನ್ನು ಸೇರಿಸಿದರೆ ಆಗುವುದೇ ಈ ಹೆಸರು. ನಮ್ಮ ಮಾತಿನಲ್ಲಿ, ಪ್ರಚೋದಿಸಿ ಹೊರಡಿಸಿದ ಬೆಳಕಿನ ವೃದ್ಧಿ.

ಮೊದಲ ಮಿಂಚು

ಐನ್‌ಸ್ಟೈನರ ಲೆಕ್ಕ ಕೆಲಸಕ್ಕೆ ಬರಲು 43 ವರ್ಷ ಹಿಡಿಯಿತು. 1960ರ ಮೇ 16ರಂದು ಅಮೆರಿಕದ ಮಾಲಿಬು ಎಂಬಲ್ಲಿ ಥಿಯೊಡೋರ್ ಮೇಮನ್ ಒಂದು ಪುಟ್ಟ ಮಾಣಿಕ್ಯದ ಕಡ್ಡಿಗೆ ಸುರುಳಿ ಆಕಾರದ ಫ್ಲ್ಯಾಶ್ ದೀಪ ಸುತ್ತಿ ಮಿಂಚಿಸಿದರು. ಕಡ್ಡಿಯಿಂದ ಜಗತ್ತಿನ ಮೊದಲ ಲೇಸರ್ ಕಿರಣ ಹೊರಬಿತ್ತು, ಕಡುಗೆಂಪು ಬಣ್ಣದ್ದು. ಅವರ ಲೇಖನವನ್ನು ಮೊದಲು ಒಂದು ಪತ್ರಿಕೆ ಹಿಂದಕ್ಕೆ ಕಳಿಸಿತು. ಆಮೇಲೆ ‘ನೇಚರ್’ ಪತ್ರಿಕೆ ಆಗಸ್ಟ್ ತಿಂಗಳಲ್ಲಿ ಅಚ್ಚು ಹಾಕಿತು. ‘ಪರಿಹಾರವೇನೋ ಸಿಕ್ಕಿತು, ಸಮಸ್ಯೆ ಯಾವುದೆಂದು ಹುಡುಕಬೇಕು’ ಎಂದು ಆಗ ತಮಾಷೆ ಮಾಡುತ್ತಿದ್ದರಂತೆ!

ಅದೇ ವರ್ಷದ ಡಿಸೆಂಬರಿನಲ್ಲಿ ಹೀಲಿಯಂ ಮತ್ತು ನಿಯಾನ್ ಅನಿಲಗಳಿಂದ, 1962ರಲ್ಲಿ ಸೆಮಿಕಂಡಕ್ಟರ್ ಹರಳಿನಿಂದ ಲೇಸರ್ ಬಂತು. 1964ರಲ್ಲಿ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಕುಮಾರ್ ಪಟೇಲ್ ಇಂಗಾಲದ ಡೈಆಕ್ಸೈಡ್ ಲೇಸರನ್ನು ರೂಪಿಸಿದರು. ಅದರ ಕಿರಣ ಕಣ್ಣಿಗೆ ಕಾಣದು, ಆದರೆ ಕಬ್ಬಿಣವನ್ನೂ ಕತ್ತರಿಸುವಷ್ಟು ಬಲ ಕೊಡಬಹುದು. ನಮ್ಮ ಜಿಲ್ಲೆಯ ಕರಿಕಲ್ಲು ದೇಶ ವಿದೇಶಕ್ಕೆ ಹೋಗುತ್ತದಲ್ಲ, ಅಂಥ ನುಣುಪು ಕಲ್ಲಿನ ಮೇಲೆ ಹಿರಿಯರ ಭಾವಚಿತ್ರ ಮೂಡಿಸಲು ಬಳಸುವುದು ಈ ಬಗೆಯ ಲೇಸರನ್ನೇ. ಕಿರಣ ತಾಗಿದ ಕಡೆ ಕಲ್ಲಿನ ಹೊಳಪು ಹೋಗಿ ಬೂದುಬಿಳುಪು ಚುಕ್ಕೆಯಾಗುತ್ತದೆ. ಸಾವಿರಾರು ಚುಕ್ಕೆ ಸೇರಿದರೆ ಅಜ್ಜನ ಮೀಸೆ, ಅಜ್ಜಿಯ ನಗು.

ಅಜ್ಜಿಯ ಕಿವಿಯಲ್ಲೇ ಇನ್ನೊಂದು ಉದಾಹರಣೆ ಇರಬಹುದು. ಈಚಿನ ವರ್ಷಗಳಲ್ಲಿ ಕೊಂಡ ಹಾಲ್‌ಮಾರ್ಕ್ ಓಲೆಯಾದರೆ ಭೂತಗನ್ನಡಿಯಲ್ಲಿ ನೋಡಿ. ಅಕ್ಷರ, ಅಂಕಿ ಸೇರಿದ ಆರು ಗುರುತುಗಳ ಸಂಖ್ಯೆ ಕಾಣುತ್ತದೆ. 2021ರ ಜುಲೈಯಿಂದ ಬಂದ ಪದ್ಧತಿ ಇದು. ಅಷ್ಟು ಸಣ್ಣ ಅಕ್ಷರವನ್ನು ಚಿನ್ನದ ಮೇಲೆ ಬರೆಯುವುದು ಲೇಸರ್.

ಈ ಬೆಳಕಿನ ನಡತೆ

ಲೇಸರ್ ಕಿರಣದ ನಡತೆಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು.

ಒಂದು, ಅದು ಒಂದೇ ಬಣ್ಣದ್ದು. ಬಿಸಿಲನ್ನು ಪಟ್ಟಕದ ಮೂಲಕ ಬಿಟ್ಟರೆ ಏಳು ಬಣ್ಣ ಬಿಚ್ಚಿಕೊಳ್ಳುತ್ತವೆ. ಕೆಂಪು ಲೇಸರ್ ಬಿಟ್ಟರೆ ಕೆಂಪೇ ಹೊರಬರುತ್ತದೆ. ಸಾಮಾನ್ಯ ಕೆಂಪು ಪಾಯಿಂಟರಿನ ಅಲೆಯ ಉದ್ದ ಸುಮಾರು 650 ನ್ಯಾನೋಮೀಟರ್. ಒಂದು ಮೀಟರಿನ ನೂರು ಕೋಟಿಯ ಒಂದು ಭಾಗವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪದೊಳಗೆ ಇಂಥ ನೂರಕ್ಕೂ ಹೆಚ್ಚು ಅಲೆಗಳನ್ನು ಸಾಲಾಗಿ ಜೋಡಿಸಬಹುದು.

ಎರಡು, ಅದು ಹರಡುವುದು ಬಹಳ ಕಡಿಮೆ. ಸಾಧಾರಣ ಪಾಯಿಂಟರಿನ ಕಿರಣ ಒಂದು ಕಿಲೋಮೀಟರಿಗೆ ಸುಮಾರು ಒಂದು ಮೀಟರ್ ಅಗಲವಾಗುತ್ತದೆ. ಟಾರ್ಚಿನ ಬೆಳಕು ಅಷ್ಟು ದೂರದಲ್ಲಿ ಎಲ್ಲಿ ಹೋಯಿತೋ ಗೊತ್ತೇ ಆಗದು. ಆದರೆ ಎಂಥ ಲೇಸರೂ ಒಂದಿಷ್ಟೂ ಹರಡದೆ ಇರುವುದಿಲ್ಲ. ಭೂಮಿಯಿಂದ ಬಿಟ್ಟ ಒಳ್ಳೆಯ ಕಿರಣ ಕೂಡ ಚಂದ್ರನನ್ನು ಮುಟ್ಟುವ ಹೊತ್ತಿಗೆ ಕೆಲವು ಕಿಲೋಮೀಟರ್ ಅಗಲವಾಗಿರುತ್ತದೆ.

ಮೂರು, ಅದರ ಅಲೆಗಳು ಒಂದೇ ತಾಳದಲ್ಲಿವೆ. ಗೋಡೆಯ ಮೇಲೆ ಬಿದ್ದ ಲೇಸರ್ ಚುಕ್ಕೆಯಲ್ಲಿ ರವೆ ಚೆಲ್ಲಿದಂತೆ ಸಣ್ಣ ಸಣ್ಣ ಕಾಳು ಮಿನುಗುತ್ತವೆ. ಗೋಡೆಯ ಉಬ್ಬುತಗ್ಗುಗಳಿಂದ ವಾಪಸು ಬಂದ ಅಲೆಗಳು ಕೆಲವು ಕಡೆ ಕೂಡಿ ಹೆಚ್ಚು ಬೆಳಗುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸಿ ಕತ್ತಲಾಗುತ್ತವೆ. ಟಾರ್ಚಿನ ಬೆಳಕಲ್ಲಿ ಈ ರವೆ ಕಾಣುವುದಿಲ್ಲ.

ನಾಲ್ಕು, ಅದು ಪಕ್ಕದಿಂದ ಕಾಣುವುದಿಲ್ಲ. ಗಾಳಿಯಲ್ಲಿ ಊದಿನಕಡ್ಡಿಯ ಹೊಗೆಯೋ ದೂಳೋ ಇದ್ದರೆ ಮಾತ್ರ ಗೆರೆಯಂತೆ ಕಾಣುತ್ತದೆ. ಹೊಗೆ ಬೆಳಕನ್ನು ಚದುರಿಸಿ ನಮ್ಮ ಕಣ್ಣಿಗೆ ತರಬೇಕು. ಸಿನಿಮಾದಲ್ಲಿ ತೋರಿಸುವ ಹೊಳೆಯುವ ಕತ್ತಿಯಂಥ ಕಿರಣ ನಿಜವಲ್ಲ.

ಉಳಿದಂತೆ ಎಲ್ಲ ಬೆಳಕಿನ ಹಾಗೆ ಇದೂ ಕನ್ನಡಿಯಿಂದ ತಿರುಗುತ್ತದೆ, ನೀರಿನಲ್ಲಿ ಬಾಗುತ್ತದೆ. ಗಾಜಿನ ಕೂದಲಿನಂಥ ಎಳೆಯೊಳಗೆ ಹೊಕ್ಕರೆ ಗೋಡೆಗೆ ತಾಗಿ ತಾಗಿ ಒಳಗೇ ಮುಂದಕ್ಕೆ ಓಡುತ್ತದೆ. ಬೆಂಗಳೂರಿನಲ್ಲಿರುವ ಮಗಳು ಹನೂರಿನ ತಾಯಿಗೆ ಫೋನ್ ಮಾಡಿದಾಗ ಆ ಮಾತು ದಾರಿಯ ಬಹುಪಾಲನ್ನು ನೆಲದಡಿಯ ಕೇಬಲಿನಲ್ಲಿ, ಕಣ್ಣಿಗೆ ಕಾಣದ ಲೇಸರಿನ ಮಿನುಗುಗಳಾಗಿ ಸಾಗಿ ಬರುತ್ತದೆ.

ಕರ್ನಾಟಕದಲ್ಲಿ ತಯಾರಾದ ಒಂದು ಲೇಸರ್ ಚಂದ್ರನ ಮೇಲೂ ಕೆಲಸ ಮಾಡಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತಲ್ಲ, ಅದರ ಪ್ರಜ್ಞಾನ್ ಗಾಡಿಯಲ್ಲಿ ಬೆಂಗಳೂರಿನ ಇಸ್ರೋ ಪ್ರಯೋಗಾಲಯ ರೂಪಿಸಿದ ಲೇಸರ್ ಉಪಕರಣವಿತ್ತು. ಅದು ಚಂದ್ರನ ಮಣ್ಣಿನ ಮೇಲೆ ಕಿರಣ ಬಿಟ್ಟು, ಎದ್ದ ಕಿಡಿಯ ಬಣ್ಣಗಳಿಂದ ಅಲ್ಲಿ ಗಂಧಕ ಇದೆಯೆಂದು ಪತ್ತೆಹಚ್ಚಿತು. ವಿಕ್ರಮ್ ಲ್ಯಾಂಡರಿನ ಮೇಲಿದ್ದ 5 ಸೆಂಟಿಮೀಟರ್ ಅಗಲದ ಪುಟ್ಟ ಪ್ರತಿಫಲಕಕ್ಕೆ ಅದೇ ಡಿಸೆಂಬರ್ 12ರಂದು ನಾಸಾ ನೌಕೆಯೊಂದು 100 ಕಿಲೋಮೀಟರ್ ದೂರದಿಂದ ಲೇಸರ್ ಬಿಟ್ಟಿತು. ಬೆಳಕು ತಪ್ಪದೆ ವಾಪಸು ಬಂತು.

ಅಜ್ಜಿಯ ಪ್ರಶ್ನೆಗೆ ಉತ್ತರ

ಈಗ ಕಣ್ಣಿನ ಮಾತು. ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಕಣ್ಣಿನ ಪೊರೆ ತೆಗೆಯುವುದನ್ನು ನಮ್ಮ ಕಡೆ ‘ಲೇಸರ್ ಆಪರೇಷನ್’ ಎನ್ನುತ್ತಾರೆ. ಸಾಮಾನ್ಯವಾಗಿ ಅಲ್ಲಿ ಪೊರೆಯನ್ನು ಒಡೆದು ಹೀರುವುದು ಲೇಸರ್ ಅಲ್ಲ, ಕಿವಿಗೆ ಕೇಳದ ಶಬ್ದದ ಕಂಪನ. ಲೇಸರ್ ಬೇಕಾಗುವುದು ಹೆಚ್ಚಾಗಿ ಬೇರೆ ಎರಡು ಸಂದರ್ಭದಲ್ಲಿ.

ಆಪರೇಷನ್ ಆಗಿ ಕೆಲವು ತಿಂಗಳು ಅಥವಾ ವರ್ಷಗಳಾದ ಮೇಲೆ ಕೆಲವರಿಗೆ ಹೊಸ ಮಸೂರದ ಹಿಂದಿನ ತೆಳು ಪದರ ಮಬ್ಬಾಗಿ ಮತ್ತೆ ಮಂಜು ಕವಿದಂತಾಗುತ್ತದೆ. ‘ಪೊರೆ ಮತ್ತೆ ಬಂತು’ ಎಂದು ಹಲವರು ಕೈಚೆಲ್ಲಿ ಕೂರುತ್ತಾರೆ. ಬೇಕಾಗಿಲ್ಲ. ಯಾಗ್ ಎಂಬ ಲೇಸರಿನ ಮಿಂಚು ಸೆಕೆಂಡಿನ ಕೋಟ್ಯಂತರ ಭಾಗದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ಆ ಪದರದ ಮೇಲೆ ಕೂಡಿಕೊಂಡು ಕಿಂಡಿ ತೆರೆಯುತ್ತದೆ. ಚಾಕು ಇಲ್ಲ, ಹೊಲಿಗೆ ಇಲ್ಲ. ಯಂತ್ರಕ್ಕೆ ಗಲ್ಲ ಒರಗಿಸಿ ಕೂತರೆ ಕೆಲವೇ ನಿಮಿಷದ ಕೆಲಸ.

ಇನ್ನೊಂದು, ಸಕ್ಕರೆ ಕಾಯಿಲೆಯವರಿಗೆ. ಕಣ್ಣಿನ ಹಿಂಭಾಗದ ರೆಟಿನಾ ಪರದೆಯ ರಕ್ತನಾಳಗಳು ಸೋರಿದಾಗ, ಬೇಡದ ಹೊಸ ನಾಳ ಬೆಳೆದಾಗ ಡಾಕ್ಟರು ಅಲ್ಲಿ ಲೇಸರಿನಿಂದ ಸಣ್ಣ ಸಣ್ಣ ಚುಕ್ಕೆ ಇಡುತ್ತಾರೆ. ಹೌದು, ಅಲ್ಲಿ ನಿಜಕ್ಕೂ ಚೂರು ಸುಡುತ್ತಾರೆ. ಆದರೆ ಕಣ್ಣಿನ ಮುಂಭಾಗ ತಿಳಿಯಾದ ಗಾಜಿನಂತೆ ಕಿರಣವನ್ನು ಒಳಗೆ ಬಿಡುತ್ತದೆ. ಹಿಂದಿನ ಬಣ್ಣದ ಪದರ ಮಾತ್ರ ಅದನ್ನು ಹೀರುತ್ತದೆ. ಯಾವ ಬಣ್ಣ, ಎಷ್ಟು ಬಲ, ಎಷ್ಟು ಹೊತ್ತು, ಯಾವ ಜಾಗ ಎಂದು ಅಳೆದು ಇಡುವ ಚುಕ್ಕೆ ಅದು. ಇರುವ ದೃಷ್ಟಿಯನ್ನು ಉಳಿಸುವುದೇ ಇದರ ಮುಖ್ಯ ಉದ್ದೇಶ. ಹೋದದ್ದನ್ನು ತಂದುಕೊಡುವುದು ಕಷ್ಟ. ಆದ್ದರಿಂದಲೇ ಸಕ್ಕರೆ ಕಾಯಿಲೆ ಇದ್ದವರು, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ, ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಬೇಕು.

ಮೊಮ್ಮಗನ ಜೇಬಿನಲ್ಲಿರುವುದು

ಈಗ ಜಾತ್ರೆಯ ಪಾಯಿಂಟರ್. ಅದರೊಳಗೆ ರಾಗಿಕಾಳಿಗಿಂತ ಚಿಕ್ಕ ಸೆಮಿಕಂಡಕ್ಟರ್ ಹರಳಿದೆ. ಬ್ಯಾಟರಿಯ ಕರೆಂಟೇ ಅದರ ಪಂಪು, ಹರಳಿನ ನುಣುಪಾದ ತುದಿಗಳೇ ಕನ್ನಡಿ. ಬಲವನ್ನು ಅಳೆಯುವುದು ಮಿಲಿವಾಟಿನಲ್ಲಿ; ಒಂದು ಮಿಲಿವಾಟ್ ಅಂದರೆ ಒಂದು ವಾಟಿನ ಸಾವಿರದ ಒಂದು ಭಾಗ. ‘ಅಷ್ಟೇನಾ? ನಮ್ಮನೆ ಬಲ್ಬೇ 9 ವಾಟು’ ಅನ್ನಬೇಡಿ. ಬಲ್ಬಿನ ಬೆಳಕು ಕೋಣೆಯೆಲ್ಲ ಹರಡುತ್ತದೆ, ಕಣ್ಣಿಗೆ ಬೀಳುವುದು ಚೂರೇ ಚೂರು. ಲೇಸರಿನ ಬೆಳಕು ಪೂರ್ತಿಯಾಗಿ ಕಣ್ಣಿನ ಪಾಪೆಯೊಳಗೆ ಹೋಗಬಲ್ಲದು. ಒಂದು ಮಿಲಿಮೀಟರ್ ಅಗಲದ ಒಂದು ಮಿಲಿವಾಟ್ ಕಿರಣ ನಡು ಮಧ್ಯಾಹ್ನದ ಬಿಸಿಲಿನಷ್ಟೇ ತೀಕ್ಷ್ಣ. ಭೂತಗನ್ನಡಿಯಲ್ಲಿ ಬಿಸಿಲು ಕೂಡಿಸಿ ಕಾಗದ ಸುಟ್ಟಿದ್ದೀರಲ್ಲ, ಕಣ್ಣಿನ ಮಸೂರವೂ ಕಿರಣವನ್ನು ಹಾಗೆಯೇ ರೆಟಿನಾದ ಮೇಲೆ ಒಂದು ಬಿಂದುವಾಗಿ ಕೂಡಿಸುತ್ತದೆ.

ಒಂದು ಮಿಲಿವಾಟಿಗಿಂತ ಕಡಿಮೆಯಾದರೆ ನಮ್ಮ ರೆಪ್ಪೆ ಕಾಲು ಸೆಕೆಂಡಿನಲ್ಲಿ ಮುಚ್ಚಿಕೊಂಡು ಕಾಪಾಡುತ್ತದೆ. ಆದರೆ ಅಗ್ಗದ ಪಾಯಿಂಟರುಗಳಲ್ಲಿ ಎಷ್ಟೋ, ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಬಲದವು. ಕೆಲವು ಹಸಿರು ಪಾಯಿಂಟರುಗಳು ಕಣ್ಣಿಗೆ ಕಾಣದ ಕಿರಣವನ್ನೂ ಸೋರಿಸುತ್ತವೆ. ಕಾಣದ್ದಕ್ಕೆ ರೆಪ್ಪೆ ಮುಚ್ಚುವುದು ಹೇಗೆ? ಎಲ್ಲಕ್ಕಿಂತ ಕೆಟ್ಟದ್ದೆಂದರೆ ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ. ಸುಟ್ಟರೂ ಮಗು ಅಳುವುದಿಲ್ಲ. ಓದುವಾಗ ಅಕ್ಷರದ ನಡುವೆ ಕಪ್ಪು ಚುಕ್ಕೆ ಕಂಡಾಗಲೇ ತಿಳಿಯುವುದು, ಅದು ಜೀವಮಾನವಿಡೀ ಉಳಿಯಲೂಬಹುದು.

ಆದ್ದರಿಂದ ಮಕ್ಕಳೇ, ಬಲ ಎಷ್ಟೆಂದು ಬರೆದಿರದ ಲೇಸರನ್ನು ಕೊಳ್ಳಬೇಡಿ. ಯಾರ ಕಣ್ಣಿಗೂ, ನಾಯಿ ಬೆಕ್ಕಿನ ಕಣ್ಣಿಗೂ ಬಿಡಬೇಡಿ. ಕನ್ನಡಿಗೆ, ಹೊಳೆಯುವ ಪಾತ್ರೆಗೆ ಬಿಟ್ಟರೂ ಅದು ತಿರುಗಿ ಬರುತ್ತದೆ. ಬಸ್ಸು, ಬೈಕು, ವಿಮಾನದತ್ತ ಬಿಟ್ಟರೆ ಓಡಿಸುವವರ ಕಣ್ಣು ಕತ್ತಲಿಟ್ಟು ಅನಾಹುತವಾದೀತು. ಮೆರವಣಿಗೆಯ ಡಿಜೆಯಲ್ಲಿ ಲೇಸರ್ ತಿರುಗುತ್ತಿದ್ದರೆ ಅದರತ್ತ ನೆಟ್ಟ ನೋಟದಿಂದ ನೋಡಬೇಡಿ. ಮೇಲೆ ಹೇಳಿದ ರವೆಯ ಕಾಳು, ಹೊಗೆಯ ಗೆರೆ ನೋಡುವ ಆಸೆಯಿದ್ದರೆ ಶಾಲೆಯಲ್ಲಿ ಮೇಷ್ಟ್ರೋ ಮೇಡಮ್ಮೋ ಕೈಯಲ್ಲಿ ಹಿಡಿದು ತೋರಿಸಲಿ. ಕಣ್ಣಿಗೆ ಬಿದ್ದು ಚುಕ್ಕೆ ಮಾಸದಿದ್ದರೆ ಉಜ್ಜಬೇಡಿ, ಬೈಯುತ್ತಾರೆಂದು ಮುಚ್ಚಿಡಬೇಡಿ. ಮನೆಯಲ್ಲಿ ಹೇಳಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಅಜ್ಜ ಅಜ್ಜಿಯರೇ, ಡಾಕ್ಟರು ಲೇಸರ್ ಎಂದಾಗ ಮೂರು ಪ್ರಶ್ನೆ ಕೇಳಿ: ಯಾವುದಕ್ಕಾಗಿ, ಎಷ್ಟು ಸಲ, ಆಮೇಲೆ ದೃಷ್ಟಿ ಹೆಚ್ಚುತ್ತದೆಯೋ ಅಥವಾ ಇದ್ದದ್ದು ಉಳಿಯುತ್ತದೆಯೋ. ಪರೀಕ್ಷೆಗೆ ಮುಂಚೆ ಪಾಪೆ ಅಗಲಿಸುವ ಹನಿ ಹಾಕುತ್ತಾರೆ, ಕೆಲವು ಗಂಟೆ ಎಲ್ಲವೂ ಮಸುಕು. ಬಸ್ಸಿನ ಬೋರ್ಡು ಕಾಣುವುದಿಲ್ಲ. ಒಬ್ಬರೇ ಹೋಗಬೇಡಿ, ಓದಲು ಬರುವ ಮೊಮ್ಮಗನನ್ನೋ ಮೊಮ್ಮಗಳನ್ನೋ ಕರೆದುಕೊಂಡು ಹೋಗಿ.